ಬೇರಿಂಗ್ ಮೇಲೆ ಹತ್ತು ಎಣಿಕೆ

ಮಾರ್ಚ್ 3, ಬೆಳಿಗ್ಗೆ 8.40

ಹತ್ತು ನಿಮಿಷ ಖಾಲಿ ಓಡಿಸಿ ಮೂರು ಮೆಷಿನ್ ಮುಟ್ಟಿ ಮುಗಿಸಿದೆ. ಗರಗಸ — ಹತ್ತು, ತಣ್ಣಗೆ. ತೂತಿನ ಮೆಷಿನ್ — ಹತ್ತು, ತಣ್ಣಗೆ. ಉಜ್ಜುವ ಮೆಷಿನ್ — ಹತ್ತು, ಅದೂ ತಣ್ಣಗೆ. ಉಳಿದದ್ದು ಪ್ಲೇನರ್, ಹಲಗೆಯ ಮೈ ಕೀಸಿ ನುಣುಪು ಮಾಡುವ ಮೆಷಿನ್. ನಮ್ಮ ಷೆಡ್ಡಿನ ರಾಜಾಪಾರ್ಟು. ಅದು ಬಾಯಿ ತೆರೆದರೆ ಉಳಿದ ಮೂರೂ ಪರದೆಯ ಮರೆಯಲ್ಲಿ ನಿಂತು ಚಾಮರ ಬೀಸಬೇಕು.

ಎಣಿಕೆ ಅಪ್ಪ ಕಲಿಸಿದ್ದು. ಅಪ್ಪ ನಾಟಕ ಕಂಪನಿಯ ಬಡಗಿ. ಸಿಂಹಾಸನ, ಅರಮನೆಯ ಕಂಬ, ಸೆರೆಮನೆಯ ಬಾಗಿಲು — ಎಲ್ಲ ಅವನ ಕೈಕೆಲಸ. ಬೇರಿಂಗ್ ಮುಚ್ಚಳದ ಮೇಲೆ ಅಂಗೈ ಇಡು, ಎಣಿಸು. ಹತ್ತರ ತನಕ ತಡೆದರೆ ಓಡಲಿ. ಏಳಕ್ಕೆ ಕೈ ಕಿತ್ತರೆ ಗ್ರೀಸು. ಮೂರಕ್ಕೆ ಕಿತ್ತರೆ ನಿಲ್ಲಿಸು. ನಲವತ್ತೊಂದು ವರ್ಷದಿಂದ ಇದೇ ಕೈ, ಇದೇ ಎಣಿಕೆ.

ಇವತ್ತು ಅಳಿಯ ಪಿಸ್ತೂಲು ತಂದ. ಹಳದಿ ಬಣ್ಣ. ಕುದುರೆ ಎಳೆದರೆ ಕೆಂಪು ಚುಕ್ಕೆ ಬೀಳುತ್ತದೆ, ಹಿಂದೆ ಅಂಕಿ ಬರುತ್ತದೆ. ಮುಟ್ಟದೆಯೇ ಬಿಸಿ ಹೇಳುತ್ತದಂತೆ. ಮುಟ್ಟದೆಯೇ ಕೆಲಸ ಮಾಡುವುದು ಅವನಿಗೆ ಮೊದಲಿಂದ ಅಭ್ಯಾಸ.

"ಮಾವ, ನಿಮ್ಮ ಕೈಗೆ ಕೊನೇ ಸಲ ಟೆಸ್ಟಿಂಗ್ ಮಾಡಿಸಿದ್ದು ಯಾವಾಗ?" ಅಂದ, ನಗುತ್ತ.

"ನಿಮ್ಮ ಮದುವೆಗೆ ಮುಂಚೆ, ಅಳಿಯಂದ್ರೇ. ಆಗ ಎಲ್ಲಾ ಸರಿಯಾಗೇ ಇತ್ತು" ಅಂದೆ.

ಮಗಳು ಆಫೀಸು ಕೋಣೆಯಿಂದ, "ಶುರುವಾಯ್ತಾ ಇಬ್ಬರದ್ದೂ" ಅಂದಳು.

ಎರಡು ವರ್ಷವಾಯಿತು ಅವನು ಷೆಡ್ಡಿಗೆ ಬಂದು. ಮಗಳು ಆರ್ಡರ್ ನೋಡುತ್ತಾಳೆ. ಇವನು ಮೆಂಟೆನೆನ್ಸ್. ನಾನು ಏನು ಎಂದು ಯಾರೂ ಇನ್ನೂ ಬರೆದಿಲ್ಲ.

ಮಾರ್ಚ್ 6

ಶಾಲೆಯ ಬೆಂಚಿನ ಆರ್ಡರ್. ಆರುನೂರು ಹಲಗೆ. ಮರ ಇನ್ನೂ ಹಸಿ, ಮೆಷಿನ್ನಿಗೆ ಭಾರ. ಬೇರೆ ದಾರಿ ಇಲ್ಲ, ತಿಂಗಳ ಕೊನೆಗೆ ಕೊಡಬೇಕು.

ಮಧ್ಯಾಹ್ನ ಪ್ಲೇನರಿನ ಬೆಲ್ಟು ಸೀಳಿತು. ಮೋಟಾರಿನಿಂದ ಬ್ಲೇಡಿನ ಉರುಳೆಗೆ ಮೂರು ಬೆಲ್ಟು ಅಕ್ಕಪಕ್ಕ. ಹೋದದ್ದು ಮಧ್ಯದ್ದು. ಅಳಿಯ ಅಂಗಡಿಗೆ ಹೋಗಿ ಒಂದೇ ಒಂದು ತಂದ.

"ಆ ಸೈಜಲ್ಲಿ ಇದ್ದಿದ್ದೇ ಒಂದು. ಸೆಟ್ಟು ಬರೋಕೆ ಎರಡು ವಾರ ಆಗುತ್ತೆ. ಅಲ್ಲೀತನಕ ತೆಳ್ಳಗೆ ಕೀಸಿ ಮಾವ. ಎರಡು ಹಳೇದು ಹಿಗ್ಗಿದೆ, ಹೊಸದೊಂದೇ ಎಲ್ಲಾ ಭಾರ ಎಳೀತದೆ."

ಮೂರು ಎತ್ತು ಕಟ್ಟಿ ಒಂದರಿಂದ ಉಳುವುದು. ಗೊತ್ತಿಲ್ಲವೇ ನನಗೆ. ಆದರೆ ತೆಳ್ಳಗೆ ಕೀಸಿದರೆ ಆರುನೂರು ಹಲಗೆ ಮುಗಿಯುವಾಗ ಶಾಲೆಯ ಮಕ್ಕಳಿಗೆ ಮೊಮ್ಮಕ್ಕಳಾಗಿರುತ್ತಾರೆ.

ಮಾರ್ಚ್ 9

ಹಳೆಯ ಎರಡು ಬೆಲ್ಟು ಜಾರುತ್ತಿವೆ. ಕಿರುಚಾಟ. ಸುಟ್ಟ ರಬ್ಬರಿನ ವಾಸನೆ. ಬೆಲ್ಟಿನ ಒಳಮೈ ಗಾಜಿನ ಹಾಗೆ ನುಣ್ಣಗಾಗಿದೆ. ಅಳಿಯ ಊಟಕ್ಕೆ ಹೋದ ಹೊತ್ತಿಗೆ ಮೋಟಾರಿನ ಬೋಲ್ಟು ಸಡಿಲಿಸಿ, ಸಬ್ಬಲಿನಿಂದ ಹಿಂದಕ್ಕೆ ಮೀಟಿ, ಬಿಗಿದೆ. ಕಿರುಚಾಟ ನಿಂತಿತು. ಹೊಸ ಬೆಲ್ಟು ಬೆರಳಲ್ಲಿ ಮಿಡಿದರೆ ತಂಬೂರಿಯ ಹಾಗೆ ಝೇಂ ಎನ್ನುತ್ತದೆ.

ಬೇರಿಂಗಿಗೆ ಅಂಗೈ ಹೋಗುವುದಕ್ಕೆ ಅಡ್ಡ ಎಂದು ಬೆಲ್ಟು ಮುಚ್ಚುವ ಗಾರ್ಡು ಬಿಚ್ಚಿ ಗೋಡೆಗೆ ಒರಗಿಸಿದೆ.

ಕೆಪ್ಪಣ್ಣನಿಗೆ ಸನ್ನೆ ಮಾಡಿದೆ. ಇಪ್ಪತ್ತಾರು ವರ್ಷದಿಂದ ಪ್ಲೇನರಿಗೆ ಹಲಗೆ ಉಣಿಸುವವನು ಅವನು. ಕಿವಿಯನ್ನು ಪ್ಲೇನರೇ ತಿಂದು ಹಾಕಿದೆ. ನನ್ನ ಕಂಠ ಬಯಲು ನಾಟಕದ ಕೊನೆಯ ಸಾಲಿಗೂ ಮುಟ್ಟುತ್ತಿತ್ತು, ಅವನಿಗೆ ಮಾತ್ರ ಮುಟ್ಟುವುದಿಲ್ಲ. ಆದ್ದರಿಂದ ಸನ್ನೆ. ಅಂಗೈ ಎತ್ತಿದರೆ ನಿಲ್ಲು. ಮುಂದಕ್ಕೆ ಬೀಸಿದರೆ ನೂಕು. ಬೀಸಿದೆ. ನೂಕಿದ. ಇಡೀ ದಿನ ದಪ್ಪ ಕೀಸು, ಎಂಬತ್ತು ಹಲಗೆ.

ಮಾರ್ಚ್ 11, ಮಧ್ಯಾಹ್ನ

ಅವಮಾನ.

ಹನ್ನೊಂದಕ್ಕೆ ಅಳಿಯ ಪಿಸ್ತೂಲು ಹಿಡಿದು ಪ್ರವೇಶ. ಪ್ಲೇನರಿನ ಬೆಲ್ಟು ತಿರುಗುವ ಪುಲ್ಲಿ ಪಕ್ಕದ ಬೇರಿಂಗಿಗೆ ಗುರಿ ಇಟ್ಟ. 63.

"ನಿಲ್ಲಿಸಿ."

ನಾನು ಅಂಗೈ ಇಟ್ಟೆ. ಹತ್ತು ಎಣಿಸಿದೆ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಕೈ ಕೀಳಲಿಲ್ಲ. "ಬೆಚ್ಚಗಿದೆ. ಅಷ್ಟೇ. ಓಡಲಿ."

"ಮಾವ, ಅರವತ್ತಮೂರರಲ್ಲಿ ಹತ್ತು ಎಣಿಸೋಕೆ ಮನುಷ್ಯರಿಗೆ ಆಗಲ್ಲ."

"ಮನುಷ್ಯರಿಗೆ ಆಗಲ್ಲ. ಕೆಲಸ ಮಾಡೋರಿಗೆ ಆಗುತ್ತೆ."

ಮಗಳು ಹೊರಗೆ ಬಂದಳು. ಅಂಕಿ ನೋಡಿದಳು. ನನ್ನ ಮುಖ ನೋಡಲಿಲ್ಲ. ಹೋಗಿ ಸ್ವಿಚ್ ಆರಿಸಿದಳು. ನಲವತ್ತು ನಿಮಿಷ ಮೆಷಿನ್ ಸುಮ್ಮನೆ. ಕೆಪ್ಪಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ — ಇಲ್ಲಿ ಯಾರ ಮಾತು ನಡೆಯುತ್ತೆ ಈಗ?

ಗೋಡೆಯ ಸ್ಲೇಟಿನ ಮೇಲೆ ಅಳಿಯ ಬಳಪದಲ್ಲಿ ಬರೆದ: 63. ನನ್ನ ಹತ್ತನ್ನು ಯಾರೂ ಬರೆಯಲಿಲ್ಲ.

ಮಾರ್ಚ್ 13

ಶಾಲೆಯವರು ಷೆಡ್ಡು ನೋಡಲು ಬರುತ್ತಾರಂತೆ. ಬರಲಿ. ಕೆಪ್ಪಣ್ಣನ ಕೈಲಿ ಪ್ಲೇನರಿಗೆ ಶೃಂಗಾರ ಮಾಡಿಸಿದೆ. ಬೇರಿಂಗ್ ಮುಚ್ಚಳಗಳ ಬಣ್ಣ, ಜಿಡ್ಡು ಎಲ್ಲ ಕೆರೆದು, ಎಮರಿ ಕಾಗದದಿಂದ ತಿಕ್ಕಿ, ಪಾಲಿಶ್ ಹಚ್ಚಿ — ಮೀಸೆ ತಿದ್ದಿಕೊಳ್ಳಬಹುದು, ಅಷ್ಟು ಹೊಳಪು.

ಮೂರು ಗಂಟೆಗೆ ಅಳಿಯ ಗುರಿ ಇಟ್ಟ. 38.

ಪಿಸ್ತೂಲು ಅಲ್ಲಾಡಿಸಿ ಮತ್ತೆ ಇಟ್ಟ. 38. "ಪರವಾಗಿಲ್ವೇ. ಇಳಿದಿದೆ" ಅಂದ.

ಮೊನ್ನೆ 63, ಇವತ್ತು 38. ಅದೇ ಬೆಲ್ಟು, ಅದೇ ಬಿಗಿ, ಅದೇ ಹಸಿ ಮರ. ಏನೋ ಇದೆ.

ಮಾರ್ಚ್ 14, ಭಾನುವಾರ, ಬೆಳಿಗ್ಗೆ

ಸಿಕ್ಕಿತು.

ಆಫೀಸಿನ ಮೇಜಿನ ಖಾನೆಯಿಂದ ಪಿಸ್ತೂಲು ಎತ್ತಿಕೊಂಡು ಮನೆಗೆ ತಂದಿದ್ದೆ. ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಾತ್ರೆಯ ಹೊಳೆಯುವ ಮೈಗೆ ಗುರಿ ಇಟ್ಟೆ. 36. ಕುದಿಯುವ ನೀರು, ಮೂವತ್ತಾರು. ಪಕ್ಕದಲ್ಲಿ ಕಪ್ಪು ಹಿಡಿದ ಹಳೆಯ ಪಾತ್ರೆ, ಅದೇ ನೀರು ಸುರಿದು ಕುದಿಸಿದೆ. 96.

ಹೊಳಪು ಕಂಡರೆ ಪಿಸ್ತೂಲಿಗೆ ಕಣ್ಣು ಕತ್ತಲೆ. ಮಸಿ ಕಂಡರೆ ಸತ್ಯವಂತ.

ಸ್ಟೀಲ್ ಪಾತ್ರೆಯನ್ನು ಅಂಗೈಯಲ್ಲೂ ನೋಡೋಣ ಎಂದು ಮುಟ್ಟಿದೆ. ಒಂದು… ಎರಡು… ಇವಳು, ನನ್ನ ಹೆಂಡತಿ, ಓಡಿ ಬಂದು ಕೈಗೆ ಹೊಡೆದು ಎಳೆದಳು.

"ಬುದ್ಧಿ ಇದೆಯಾ? ಕೆಂಪಗಾಗಿದೆ ನೋಡಿ. ಉರಿ ಗೊತ್ತಾಗಲ್ವಾ ನಿಮಗೆ?"

"ಗೊತ್ತಾಗೋಕೆ ನೀನು ಬಿಟ್ಟರೆ ತಾನೇ" ಅಂದೆ.

"ಶುಗರ್ ಟೆಸ್ಟ್ ಮಾಡಿಸಿ ಅಂತ ವರ್ಷದಿಂದ ಬಡ್ಕೊಳ್ತಾ ಇದೀನಿ. ಆ ಪಿಸ್ತೂಲು ಯಾರದ್ದು?"

ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿಟ್ಟೆ. ಮೊನ್ನೆ ಮುಚ್ಚಳಕ್ಕೆ ಬಣ್ಣ ಇತ್ತು. ಹಾಗಾದರೆ 63 ನಿಜವೇ ಇರಬೇಕು. ಇರಲಿ. ಅರವತ್ತಮೂರನ್ನು ಹತ್ತು ಎಣಿಸುವ ತನಕ ತಡೆದೆ ಎಂದರೆ ಅದು ನನ್ನ ಕೈಯ ಹೆಚ್ಚುಗಾರಿಕೆ.

ಅಳಿಯನಿಗೆ ಹೇಳುವುದಿಲ್ಲ. ಮಗಳಿಗೂ ಇಲ್ಲ. ಬೇರಿಂಗ್ ನಿಜವಾಗಿ ಕಾಯುವ ದಿನ ಬರುತ್ತದೆ. ಪಿಸ್ತೂಲು 40 ಅನ್ನುತ್ತದೆ. ಆಗ ನಾನು ಅಂಗೈ ಇಟ್ಟು, ಮೂರಕ್ಕೆ ಕಿತ್ತು, ನಿಲ್ಲಿಸು ಎನ್ನುತ್ತೇನೆ. ಮುಚ್ಚಳ ಬಿಚ್ಚಿಸಿ ಎಲ್ಲರೆದುರು ತೋರಿಸುತ್ತೇನೆ. ಆ ಹಳದಿ ಆಟಿಕೆ ಮತ್ತೆ ರಂಗಕ್ಕೆ ಬರಬಾರದು. ಅದರ ಒಡೆಯನೂ.

ಮಾರ್ಚ್ 17

40. ನಾನು ಹತ್ತು ಎಣಿಸಿದೆ. ಇನ್ನೂ ಕಾದಿಲ್ಲ. ತಾಳ್ಮೆ.

ಮಾರ್ಚ್ 18

39. ಹತ್ತು. ಅಳಿಯ ಸ್ಲೇಟಿನ ಮೇಲೆ ಬರೆಯುವಾಗ ಅಕ್ಷರ ದುಂಡಗೆ ಬರುತ್ತಿದೆ. ಬರೆಯಲಿ. ಮೋಟಾರಿನ ಸದ್ದಿನ ಅಡಿಯಲ್ಲಿ ಸಣ್ಣಗೆ ಒಂದು ಗೊರಗೊರ ಇದೆ. ಕೆಪ್ಪಣ್ಣನಿಗೆ ಕೇಳಿಸುವುದಿಲ್ಲ. ಅಳಿಯನಿಗೆ ಅರ್ಥವಾಗುವುದಿಲ್ಲ. ನನಗೆ ಮಾತ್ರ ಕೇಳುತ್ತಿದೆ. ನಾಳೆ, ನಾಡಿದ್ದು.

ಮಾರ್ಚ್ 19, ಬೆಳಿಗ್ಗೆ 11.15

ವಿಚಿತ್ರ. ಗೊರಗೊರ ಜೋರಾಗಿದೆ, ಇವತ್ತೇ ಎಂದುಕೊಂಡಿದ್ದೆ. ಮಾತು ಕೂಡ ಸಿದ್ಧ ಮಾಡಿಟ್ಟುಕೊಂಡಿದ್ದೆ — "ಅಳಿಯಂದ್ರೇ, ನಿಮ್ಮ ಪಿಸ್ತೂಲನ್ನ ತೊಟ್ಟಿಲಿಗೆ ಕಟ್ಟಿ." ಅವನು ಗುರಿ ಇಟ್ಟ. 41. ನಾನು ಅಂಗೈ ಇಟ್ಟೆ. ಒಂದು, ಎರಡು, ಮೂರು — ಬಿಸಿ ಬರಲಿ ಎಂದು ಕಾದೆ. ಬರಲಿಲ್ಲ. ಹತ್ತೂ ಆಯಿತು.

"ತಣ್ಣಗಿದೆ" ಅಂದೆ. ಬೇರೆ ಏನು ಹೇಳಲಿ.

ಮಗಳು ಬಾಗಿಲಲ್ಲಿ ನಿಂತು ನಕ್ಕಳು. "ಎರಡು ವರ್ಷದಲ್ಲಿ ಮೊದಲನೇ ಸಲ ಇಬ್ಬರದ್ದೂ ಒಂದೇ ಮಾತು. ಬರೆದಿಡಿ."

ಕೆಪ್ಪಣ್ಣ ಹಲಗೆ ಹಿಡಿದು ನಿಂತಿದ್ದ. ಕೈ ಬೀಸಿದೆ. ನೂಕಿದ. ಇಲ್ಲಿ ಆಫೀಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಪೆನ್ನು ಜಾರುತ್ತಿದೆ. ಕೈ ಏಕೋ ಒದ್ದೆ

ಮಾರ್ಚ್ 27

ಎಡಗೈ ಬರಹ. ವಕ್ರ. ನಿಧಾನ. ಚಿಕ್ಕದಾಗಿ ಬರೆಯಬೇಕು.

ಬೇರಿಂಗ್ ಹಿಡಿದುಕೊಂಡಿತು. ಉರುಳೆ ಗಕ್ಕನೆ ನಿಂತಿತು. ಮೋಟಾರು ನಿಲ್ಲಲಿಲ್ಲ. ಹೊಸ ಬೆಲ್ಟು ಹರಿದು ಚಾಟಿಯ ಹಾಗೆ ಹೊರಗೆ ಬಂತು. ತಡೆಯಲು ಗಾರ್ಡು ಇರಲಿಲ್ಲ. ಕೆಪ್ಪಣ್ಣನ ಪಕ್ಕೆಗೆ ಬಡಿದು, ಅವನು ಹಲಗೆ ರಾಶಿಯ ಅಂಚಿನ ಮೇಲೆ ಬಿದ್ದ. ಪಕ್ಕೆಲುಬು ಮೂರು ಮುರಿದಿದೆ. ಒಂದು ಒಳಗೆ ಚುಚ್ಚಿದೆ. ಮೆಷಿನ್ನಿನ ಅಡಿಯ ಮರದ ಹೊಟ್ಟಿಗೆ ಕಿಡಿ ಹತ್ತಿತು. ನಾನೇ ಮರಳು ಸುರಿದು ಆರಿಸಿದೆ.

ಅಂಗೈ ನೋಡಿಕೊಂಡದ್ದು ಆಮೇಲೆ. ಚರ್ಮ ಬೆಳ್ಳಗೆ ಎದ್ದು ಬಂದಿತ್ತು. ಆ ಹತ್ತು ಎಣಿಕೆಯಲ್ಲಿ ಬೆಂದದ್ದು. ನೋವಿರಲಿಲ್ಲ. ಈಗಲೂ ಇಲ್ಲ.

ಡಾಕ್ಟರು ಸೂಜಿ ಚುಚ್ಚಿ ಕೇಳಿದರು. "ಗೊತ್ತಾಗುತ್ತಾ?" ಇಲ್ಲ. "ಇಲ್ಲಿ?" ಇಲ್ಲ. "ಶುಗರ್ ಎಷ್ಟು ವರ್ಷದಿಂದ?" ಗೊತ್ತಿಲ್ಲ. "ಎರಡು ವರ್ಷದಿಂದಲಾದರೂ ಈ ಕೈ ನಿಮಗೆ ಸುಳ್ಳು ಹೇಳ್ತಿದೆ" ಅಂದರು.

ಮಾರ್ಚ್ 29

ಎಲ್ಲರೂ ನೋಡಲು ಬಂದರು. ಬೆಂಕಿ ಆರಿಸಲು ಹೋಗಿ ಕೈ ಸುಟ್ಟುಕೊಂಡರಂತೆ, ಈ ವಯಸ್ಸಲ್ಲಿ ಎಂಥಾ ಧೈರ್ಯ ಅಂದರು. ಮೊದಲು ಯಾರು ಹಾಗೆ ಅಂದದ್ದೋ ಗೊತ್ತಿಲ್ಲ. ನಾನು ಅಲ್ಲ ಅನ್ನಲಿಲ್ಲ. ಎರಡನೆಯವರಿಗೆ ನಾನೇ ವರ್ಣಿಸಿದೆ. ಜ್ವಾಲೆ ಇಷ್ಟೆತ್ತರ ಅಂದೆ.

ಸ್ಲೇಟಿನ ಮೇಲೆ ಇನ್ನೂ ಇದೆ: 41. ಅಳಿಯನ ಕೈಬರಹ. ಊರೆಲ್ಲ ಅವನನ್ನೇ ಉಗಿಯುತ್ತಿದೆ. ಕೆಪ್ಪಣ್ಣನ ಹೆಂಡತಿ ಆಸ್ಪತ್ರೆಯ ಮೆಟ್ಟಿಲಲ್ಲಿ ಅವನನ್ನು ತಡೆದು ಹೇಳಿದಳಂತೆ: "ಆಟಿಕೆ ಹಿಡ್ಕೊಂಡು ನನ್ನ ಗಂಡನ ಪ್ರಾಣದ ಜೊತೆ ಆಡಿದ್ಯಲ್ಲೋ, ನಿನ್ನ ಮನೆ ಹಾಳಾಗ." ಅವನು ತಲೆ ತಗ್ಗಿಸಿ ನಿಂತಿದ್ದನಂತೆ. "ನಾನೇ ನೋಡಿದ್ದು, ನಾನೇ ಸರಿ ಇದೆ ಅಂದಿದ್ದು" ಅಂದನಂತೆ.

ಮಾರ್ಚ್ 31

ಬೇರೆ ಊರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ ಅವನಿಗೆ. ಸೋಮವಾರ ಹೊರಡುತ್ತಾರೆ. ಮಗಳೂ.

ನಾನು ಬೇಡಿದ ವರ.

ಏಪ್ರಿಲ್ 1, ಸಂಜೆ 5

ಷೆಡ್ಡಿಗೆ ಹೋದೆ. ಅಳಿಯ ಒಬ್ಬನೇ. ಬೇರಿಂಗನ್ನು ಬಿಚ್ಚಿ ಬಟ್ಟೆಯ ಮೇಲೆ ಹಾಸಿದ್ದ. ಒಳಗಿನ ಉಕ್ಕಿನ ಗುಂಡುಗಳು ಕಾದು ನೀಲಿ ತಿರುಗಿದ್ದವು. ಹೊಳೆಯುವ ಮುಚ್ಚಳವನ್ನು ಇಕ್ಕಳದಲ್ಲಿ ಹಿಡಿದು ಬರ್ನರಿನ ಮೇಲೆ ಕಾಯಿಸಿ, ಪಿಸ್ತೂಲು ಇಟ್ಟ. 44. ಅದರ ಮೇಲೆ ಕರೀ ಟೇಪಿನ ತುಂಡು ಅಂಟಿಸಿ ಮತ್ತೆ ಇಟ್ಟ. 112.

"ಜೊತೆಗೆ ಬಂದ ಪುಸ್ತಕದಲ್ಲೇ ಇತ್ತು" ಅಂದ, ನನ್ನ ಕಡೆ ತಿರುಗದೆ. "ಹೊಳಪಿನ ಮೇಲೆ ಹಿಡೀಬೇಡಿ, ಟೇಪ್ ಹಚ್ಚಿ ಅಂತ. ನಾನು ಓದಿರಲಿಲ್ಲ. ತಪ್ಪು ನಂದೇ."

ನೀಲಿ ತಿರುಗಿದ ಗುಂಡೊಂದನ್ನು ಎಡಗೈಯಲ್ಲಿ ಎತ್ತಿಕೊಂಡೆ.

"ಆದರೆ ಮಾವ, ಹತ್ತಿರ ಹತ್ತಿರ ನೂರರ ಬಿಸಿ ಇತ್ತು ಅವತ್ತು. ನೀವು ಅದೇ ಜಾಗದಲ್ಲಿ ಕೈ ಇಟ್ಟು ಹತ್ತು ಎಣಿಸಿದ್ರಿ. ನಾನು ಪಕ್ಕದಲ್ಲೇ ಇದ್ದೆ." ನನ್ನ ಕೈಯ ಬ್ಯಾಂಡೇಜು ನೋಡಿದ. "ಬೆಂಕಿ ಆರಿಸಿದ್ದೂ ನೋಡಿದೀನಿ. ಎಡಗೈಲಿ ಬಕೆಟ್ಟು ಹಿಡಿದು ಮರಳು ಹಾಕಿದ್ರಿ."

"ಏನು ಹೇಳ್ಬೇಕು ಅಂತಿದೀರಿ ಅಳಿಯಂದ್ರೇ?"

"ನಾನೇನೂ ಹೇಳಲ್ಲ. ನಿಮ್ಮ ಮಗಳಿಗೂ ಹೇಳಲ್ಲ. ಹೇಳಿದ್ರೆ ಕೆಲಸ ಉಳಿಸ್ಕೊಳೋಕೆ ಮುದುಕನ ಮೇಲೆ ಹಾಕ್ದ ಅಂತಾರೆ. ಸೋಮವಾರ ಹೋಗ್ತೀವಿ. ನಿಮ್ಮ ಮುಖ ನೋಡೋದು ತಪ್ಪುತ್ತಲ್ಲ, ಅದೇ ನನಗೆ ಸಾಕು."

ದೀಪ ಆರಿಸಿದ. ನಾನು ಒಳಗಿದ್ದಂತೆಯೇ.

ಏಪ್ರಿಲ್ 2

ಇವಳು ತಟ್ಟೆ ಮುಂದೆ ಇಟ್ಟು ಕೂತಳು. ಚಮಚ ಎಡಗೈಗೆ ಕೊಟ್ಟಳು.

"ನಮ್ಮ ಹುಡುಗಿ ಗಂಟುಮೂಟೆ ಕಟ್ತಾ ಇದಾಳೆ. ನೀವು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಿ. ಬೀದಿ ಬೀದಿಗೆ ಕೇಳೋ ಹಾಗೆ ಮಾತಾಡೋರು."

"ಏನು ಮಾತಾಡ್ಲಿ."

"ಆ ಭಾನುವಾರ ಪಾತ್ರೆಗೆ ಹಿಡಿದ್ರಲ್ಲ ಪಿಸ್ತೂಲು. ನೀರು ಕುದೀತಿತ್ತು, ಅದು ಮೂವತ್ತಾರು ಅಂತು. ನೀವು ನಕ್ರಿ. ನಾನು ನೋಡಿದೆ. ಅಂದರೆ ಅವತ್ತೇ ಗೊತ್ತಿತ್ತು."

ಚಮಚ ಕೆಳಗಿಟ್ಟೆ.

"ಕೈ ಜೋಮು ಹಿಡಿದಿದ್ದು ನಿಮ್ಮ ತಪ್ಪಲ್ಲ. ಅದು ರೋಗ" ಅಂದಳು. "ಇದು ರೋಗ ಅಲ್ಲ."

ಎದ್ದು ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು. ತೊಳೆಯಲು ಅಷ್ಟು ಪಾತ್ರೆ ಇರಲಿಲ್ಲ.

ಏಪ್ರಿಲ್ 3, ಶನಿವಾರ

ಆಸ್ಪತ್ರೆ. ಮೂರನೆಯ ವಾರ್ಡು. ಎಂಟು ಮಂಚ. ಕಿಟಕಿಯ ಪಕ್ಕ ಕೆಪ್ಪಣ್ಣ, ಎದೆಗೆ ಪಟ್ಟಿ ಬಿಗಿದುಕೊಂಡು. ಪಕ್ಕದಲ್ಲಿ ಹೆಂಡತಿ.

ಹೇಳಲು ಸನ್ನೆ ಇಲ್ಲ. ನಿಲ್ಲು, ನೂಕು, ಊಟ, ಚಹಾ — ಇಷ್ಟಕ್ಕೆ ಇದೆ. ಮೋಸಕ್ಕೆ ನಾವು ಸನ್ನೆ ಮಾಡಿಕೊಂಡಿಲ್ಲ. ಬಲಗೈ ಬ್ಯಾಂಡೇಜಿನಲ್ಲಿ. ಕಿವಿಯ ಹತ್ತಿರ ಬಗ್ಗಿ ಹೇಳಿದೆ.

"ಏನು?" ಅಂದ.

ಗಟ್ಟಿಯಾಗಿ ಹೇಳಿದೆ. ಪಕ್ಕದ ಮಂಚದವನು ತಿರುಗಿದ.

"ಕೇಳ್ಸಲ್ಲಪ್ಪ. ದೊಡ್ಡದಾಗಿ ಹೇಳು."

ಆಗ ಕೂಗಿದೆ. ಹೊಟ್ಟೆಯಿಂದ. "ನನ್ನ ಕೈಗೆ ಬಿಸಿ ಗೊತ್ತಾಗಲ್ಲ. ಸತ್ತ ಕೈ. ಬೇರಿಂಗ್ ಸುಡ್ತಾ ಇತ್ತು, ನನಗೆ ತಿಳೀಲಿಲ್ಲ. ಪಿಸ್ತೂಲು ಸುಳ್ಳು ಹೇಳುತ್ತೆ ಅಂತ ನನಗೆ ಗೊತ್ತಿತ್ತು. ಐದು ದಿನ ಮೊದಲೇ ಗೊತ್ತಿತ್ತು. ಅಳಿಯನ ಮಾನ ತೆಗೀಬೇಕು ಅಂತ ಹೇಳಲಿಲ್ಲ. ಬೆಂಕೀಲಿ ಸುಟ್ಟಿದ್ದಲ್ಲ ಈ ಕೈ."

ಉಳಿದ ಏಳು ಮಂಚ ಎದ್ದು ಕುಳಿತವು. ನರ್ಸ್ ಬಾಗಿಲಿಗೆ ಬಂದು ನಿಂತಳು. ಕೆಪ್ಪಣ್ಣನ ಹೆಂಡತಿಯ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಎಲ್ಲರಿಗೂ ತಿಳಿಯಿತು, ಯಾರಿಗೆ ತಿಳಿಯಬೇಕೋ ಅವನೊಬ್ಬನನ್ನು ಬಿಟ್ಟು. ಅವನು ಹೆಂಡತಿಯ ಮುಖ ನೋಡಿದ. ಅವಳು ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ, ಹೇಳಿದಳು. ತುಟಿ ನೋಡುತ್ತ ನೋಡುತ್ತ ಅವನ ಮುಖ ಮೆಲ್ಲಗೆ ಮುಚ್ಚಿಕೊಂಡಿತು.

ಕೆಪ್ಪರಿಗೆ ತಮ್ಮ ದನಿಯ ಅಳತೆ ಇರುವುದಿಲ್ಲ. ಅವನೂ ಕೂಗಿಯೇ ಹೇಳಿದ.

"ನಾನು ಗೋಡೆ ಮೇಲಿನ ನಂಬರ್ ನೋಡಿ ನೂಕಿದ್ನಾ? ನನಗೆ ಓದೋಕೆ ಬರುತ್ತಾ? ನಿನ್ನ ಕೈ ನೋಡಿ ನೂಕಿದೆ ಕಣೋ."

ನಾನು ಬಾಯಿ ತೆರೆದೆ. ಅವನು ಅಂಗೈ ಎತ್ತಿದ — ನಿಲ್ಲು.

"ಆ ಹುಡುಗನ್ನ ಹದಿನೈದು ದಿನದಿಂದ ಶಪಿಸ್ತಾ ಇದೀನಿ. ದಿನಾ ಬಂದು ಕಾಲ ಹತ್ರ ನಿಲ್ತಾನೆ, ಹಣ್ಣು ಇಟ್ಟು ಹೋಗ್ತಾನೆ. ಎಸೆದಿದೀನಿ. ಹೋಗು, ಅವನಿಗೆ ಹೇಳು. ಇಲ್ಲಿ ಕೂಗಿದಷ್ಟೇ ಜೋರಾಗಿ."

ಗೋಡೆಯ ಕಡೆ ಹೊರಳಿದ. ಹೊರಳಲು ನೋವಾಯಿತು. ಆದರೂ ಹೊರಳಿದ.

ಏಪ್ರಿಲ್ 4

ಮಗಳ ಮನೆ. ಪೆಟ್ಟಿಗೆಗಳು ಹಜಾರದಲ್ಲಿ. ಎಲ್ಲ ಹೇಳಿದೆ. ಕೂಗಲಿಲ್ಲ. ಅವರಿಬ್ಬರಿಗೂ ಕಿವಿ ಕೇಳುತ್ತದೆ.

ಅಳಿಯ ಕೇಳಿದ್ದು ಒಂದೇ: "ಐದು ದಿನ?"

"ಐದು ದಿನ."

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಳಿಯ ಬಹಳ ಹೊತ್ತು ಪೆಟ್ಟಿಗೆಯ ಹಗ್ಗ ಬಿಚ್ಚುತ್ತ, ಕಟ್ಟುತ್ತ ಇದ್ದ. ಆಮೇಲೆ ಅಂದ: "ಕೆಪ್ಪಣ್ಣ ವಾಪಸ್ ಬರೋ ತನಕ ನಾವು ಇರ್ತೀವಿ. ಅವರಿಗೋಸ್ಕರ. ನೀವು ಆಫೀಸ್ ಕೋಣೆ ದಾಟಿ ಆಚೆ ಕಾಲಿಡಬಾರದು. ಮೆಷಿನ್ ಮೇಲೆ ಕೈ ಇಟ್ಟಿದ್ದು ಕಂಡರೆ ಅವತ್ತೇ ಹೊರಡ್ತೀವಿ."

"ಆಗಲಿ" ಅಂದೆ.

"ಮತ್ತೆ ನನ್ನನ್ನ ಅಳಿಯಂದ್ರೇ ಅಂತ ಕರೀಬೇಡಿ. ಆ ದನಿ ನನಗೆ ಬೇಡ."

ಏನೆಂದು ಕರೆಯಲಿ ಎಂದು ಕೇಳಲಿಲ್ಲ.

ಮೇ 20, ಬೆಳಿಗ್ಗೆ 9

ನಲವತ್ತಾರು ದಿನ. ಮಗಳು ನನ್ನನ್ನು ಮಾತಾಡಿಸಿಲ್ಲ. ಹೇಳುವುದನ್ನು ಅಮ್ಮನಿಗೆ ಹೇಳುತ್ತಾಳೆ. ಶಾಲೆಯವರು ಬೆಂಚಿನ ಆರ್ಡರನ್ನು ಬೇರೆಯವರಿಗೆ ಕೊಟ್ಟರು. ಅಂಗೈಯಲ್ಲಿ ಹೊಸ ಚರ್ಮ ಬಂದಿದೆ, ಗುಲಾಬಿ, ಮಗುವಿನದರ ಹಾಗೆ. ಸೂಜಿ ಚುಚ್ಚಿ ನೋಡಿಕೊಂಡೆ. ಏನೂ ಇಲ್ಲ.

ಇವತ್ತು ಪ್ಲೇನರ್ ಮತ್ತೆ ಶುರು. ಮೂರು ಬೆಲ್ಟೂ ಹೊಸವು, ಒಂದೇ ಸೆಟ್ಟು. ಅಳಿಯ ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗುವಷ್ಟು ಬಿಗಿ. ಗಾರ್ಡು ಅದರ ಜಾಗದಲ್ಲಿದೆ. ಮುಚ್ಚಳಗಳಿಗೆ ಕಪ್ಪು ಬಣ್ಣ. ಆಫೀಸಿನ ಕಿಟಕಿಯಿಂದ ಎಲ್ಲ ಕಾಣುತ್ತದೆ.

ಕೆಪ್ಪಣ್ಣ ಬಂದ. ತೆಳ್ಳಗಾಗಿದ್ದಾನೆ. ಅಂಗಿಯೊಳಗೆ ಇನ್ನೂ ಪಟ್ಟಿ. ಕಿಟಕಿಯ ಮುಂದೆಯೇ ಹಾದುಹೋದ. ನಾನು ಎದ್ದು ನಿಂತೆ. ನಿಲ್ಲಲಿಲ್ಲ ಅವನು.

ಹತ್ತು ನಿಮಿಷ ಖಾಲಿ ಓಟ. ಅಳಿಯ ಪಿಸ್ತೂಲು ಇಟ್ಟ, ಸ್ಲೇಟಿನ ಮೇಲೆ ಬರೆದ. ಇಲ್ಲಿಂದ ಓದಲಾಗಲಿಲ್ಲ. ಕೆಪ್ಪಣ್ಣ ಹಲಗೆ ಎತ್ತಿ ಮೇಜಿನ ಮೇಲಿಟ್ಟು, ಎರಡೂ ಕೈ ಊರಿ, ತಲೆ ಎತ್ತಿದ. ಒಂದು ಕ್ಷಣ ಅವನ ಕಣ್ಣು ತಾನಾಗಿ ಕಿಟಕಿಯ ಕಡೆ ಬಂತು. ಇಪ್ಪತ್ತಾರು ವರ್ಷದ ರೂಢಿ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅವನು ಅಳಿಯನ ಕಡೆ ತಿರುಗಿದ. ಅಳಿಯ ಕೈ ಬೀಸಿದ. ಹಲಗೆ ಹೋಯಿತು.

ಸದ್ದು ಸರಿಯಾಗಿದೆ. ಗೊರಗೊರ ಇಲ್ಲ. ಯಾರಿಗಾದರೂ ಹೇಳಬೇಕು, ಸದ್ದು ಸರಿಯಾಗಿದೆ ಎಂದು. ಮಗಳು ಇದೇ ಕೋಣೆಯಲ್ಲಿ, ಎದುರಿನ ಮೇಜಿನಲ್ಲಿ, ತಲೆ ತಗ್ಗಿಸಿ ಆರ್ಡರ್ ಬರೆಯುತ್ತಿದ್ದಾಳೆ. ಒಂದು ಸಲ ಕೆಮ್ಮಿದೆ. ನೋಡಲಿಲ್ಲ. ಇನ್ನೊಂದು ಸಲ ಕೆಮ್ಮಿದೆ. ಅವಳ ಪೆನ್ನು ಒಂದು ಕ್ಷಣ ನಿಂತಿತು, ಮತ್ತೆ ಬರೆಯತೊಡಗಿತು.